ಒಂದೇ ಪದ ಹಿಡಿದು ನೋಡಿದ ನಿಘಂಟು: ಆಕ್ಸ್‌ಫರ್ಡ್ ಪದಸಾಂಗತ್ಯ ಕೋಶದಲ್ಲಿ ‘ಅಡ್ಮಿನಿಸ್ಟ್ರೇಶನ್’

ಹೊಸ ಹೋಟೆಲಿಗೆ ಹೋದರೆ ಮೊದಲು ಎರಡು ಇಡ್ಲಿ ತರಿಸಿ, ಅದು ಒಪ್ಪಿಗೆಯಾದರೆ ಮಾತ್ರ ಉಳಿದ ತಿಂಡಿಗಳ ಪಟ್ಟಿಯ ಕಡೆ ಕಣ್ಣು ಹಾಯಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಿಘಂಟುಗಳ ವಿಷಯದಲ್ಲಿ ನನ್ನದೂ ಅದೇ ಪದ್ಧತಿ. ಕನ್ನಡದ ಕಡತ, ವರದಿ, ಆದೇಶ, ಸುತ್ತೋಲೆಗಳನ್ನು ಇಂಗ್ಲಿಷಿಗೂ ಇಂಗ್ಲಿಷಿನವನ್ನು ಕನ್ನಡಕ್ಕೂ ತರುವುದೇ ಇಪ್ಪತ್ತು ವರ್ಷಗಳಿಂದ ನನ್ನ ಹೊಟ್ಟೆಪಾಡಾಗಿರುವುದರಿಂದ, ಯಾವ ಹೊಸ ಕೋಶ ಕೈಗೆ ಬಂದರೂ ಮೊದಲು ತೆರೆಯುವುದು ‘ಅಡ್ಮಿನಿಸ್ಟ್ರೇಶನ್’ ಎಂಬ ಪದವಿರುವ ಪುಟವನ್ನು. ನಾನು ಅನುವಾದಿಸುವ ಪ್ರತಿ ಎರಡನೆಯ ಪುಟದಲ್ಲಿ ‘ಆಡಳಿತ’ ಎಂಬ ಪದ ಒಂದಲ್ಲ ಒಂದು ವೇಷದಲ್ಲಿ ಬಂದು ಕುಳಿತಿರುತ್ತದೆ. ಅದರ ಹಿಂದೆ ಯಾವ ವಿಶೇಷಣ ಹಾಕಬೇಕೆಂಬುದು ನಿತ್ಯದ ತಲೆನೋವು. ಆ ತಲೆನೋವಿಗೆ ಔಷಧಿಯೆಂದು ಕೊಂಡ ‘ಆಕ್ಸ್‌ಫರ್ಡ್ ಕಾಲೊಕೇಶನ್ಸ್ ಡಿಕ್ಷನರಿ’ಯನ್ನು ಹಲವು ವರ್ಷ ಬಳಸಿದ ಮೇಲೆ, ಅದನ್ನು ಈ ಒಂದೇ ಪದದ ಮೂಲಕ ವಿಮರ್ಶಿಸುವ ಧೈರ್ಯ ಮಾಡಿದ್ದೇನೆ.

ಇದು ಅರ್ಥ ಹೇಳುವ ನಿಘಂಟಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡಬೇಕು, ಏಕೆಂದರೆ ಅರ್ಥ ಹುಡುಕಿಕೊಂಡು ಹೋಗಿ ನಿರಾಶರಾದವರನ್ನು ನಾನೇ ಕಂಡಿದ್ದೇನೆ. ಒಂದು ಪದದ ಜೊತೆಗೆ ಇಂಗ್ಲಿಷ್ ಬಲ್ಲವರು ಸಹಜವಾಗಿ ಬಳಸುವ ಇತರ ಪದಗಳು ಯಾವುವು ಎಂಬುದನ್ನಷ್ಟೇ ಇದು ಹೇಳುತ್ತದೆ. ಮೊದಲ ಆವೃತ್ತಿ 2002ರಲ್ಲಿ, ಎರಡನೆಯದು 2009ರಲ್ಲಿ ಬಂದವು. ಎರಡನೆಯ ಆವೃತ್ತಿಯಲ್ಲಿ ಸುಮಾರು 9,000 ಮುಖ್ಯ ಪದಗಳ ಸುತ್ತ 2,50,000 ಪದಜೋಡಿಗಳು, 75,000ಕ್ಕೂ ಹೆಚ್ಚು ಉದಾಹರಣೆಗಳು ಇವೆ. ಇವೆಲ್ಲಕ್ಕೂ ಆಧಾರ ಸುಮಾರು 200 ಕೋಟಿ ಪದಗಳ ಒಂದು ಪಠ್ಯಸಂಗ್ರಹ. ಇಂಥ ಕೆಲಸ ಹೊಸದೇನಲ್ಲ. ಹೆರಾಲ್ಡ್ ಪಾಮರ್ 1933ರಲ್ಲೇ ಟೋಕಿಯೋದಲ್ಲಿ ಕುಳಿತು ಇಂಗ್ಲಿಷಿನ ಪದಜೋಡಿಗಳ ವರದಿಯೊಂದನ್ನು ತಂದಿದ್ದರು. ಆದರೆ ಗಣಕಯಂತ್ರದಲ್ಲಿ ಕೋಟಿಗಟ್ಟಲೆ ವಾಕ್ಯಗಳನ್ನು ಎಣಿಸಿ ನೋಡುವ ಅನುಕೂಲ ಆಗಿನವರಿಗೆ ಇರಲಿಲ್ಲ.

ಪದಸಾಂಗತ್ಯವೆಂದರೇನು ಎಂದು ಕೇಳುವವರಿಗೆ ಕನ್ನಡದಲ್ಲೇ ಉತ್ತರವಿದೆ. ನಾವು ಗಾಢ ನಿದ್ದೆ ಎನ್ನುತ್ತೇವೆ, ದಟ್ಟ ನಿದ್ದೆ ಎನ್ನುವುದಿಲ್ಲ. ದಟ್ಟ ಕಾಡು ಎನ್ನುತ್ತೇವೆ, ಗಾಢ ಕಾಡು ಎಂದರೆ ಎದುರಿಗಿದ್ದವರು ಒಂದು ಕ್ಷಣ ಮುಖ ನೋಡುತ್ತಾರೆ. ವ್ಯಾಕರಣದ ಪ್ರಕಾರ ತಪ್ಪೇನೂ ಇಲ್ಲ, ಆದರೂ ಕಿವಿ ಒಪ್ಪುವುದಿಲ್ಲ. ಒಂದು ಪದವನ್ನು ಅದರ ಸಹವಾಸದಿಂದಲೇ ಅರಿಯಬೇಕು ಎಂಬ ಮಾತನ್ನು ಬ್ರಿಟನ್ನಿನ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್ 1957ರಲ್ಲಿ ಹೇಳಿ ಹೆಸರಾದರು. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎಂದು ನಮ್ಮ ಹಿರಿಯರು ಮೊದಲೇ ಹೇಳಿದ್ದು ಪದಗಳಿಗೂ ಸಲ್ಲುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ವ್ಯಾಕರಣವನ್ನು ಚೆನ್ನಾಗಿ ಅರೆದು ಕುಡಿದ ನನ್ನಂಥವರ ಇಂಗ್ಲಿಷಿನಲ್ಲಿ ಉಳಿದುಹೋಗುವ ತಪ್ಪುಗಳು ಬಹುಪಾಲು ಈ ಬಗೆಯವೇ.

ಈ ಕೋಶದಲ್ಲಿ ನಾಮಪದವೊಂದರ ನಮೂದು ಹೇಗಿರುತ್ತದೆಂದರೆ, ಪದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿದ್ದರೆ ಮೊದಲು ಅವುಗಳನ್ನು ಸಂಖ್ಯೆ ಕೊಟ್ಟು ಬೇರ್ಪಡಿಸಿರುತ್ತಾರೆ. ಪ್ರತಿ ಅರ್ಥದ ಕೆಳಗೆ ಮೊದಲು ವಿಶೇಷಣಗಳು, ಆಮೇಲೆ ಕ್ರಿಯಾಪದಗಳು, ಪ್ರಿಪೊಸಿಷನ್‌ಗಳು, ಕೊನೆಗೆ ನುಡಿಗಟ್ಟುಗಳು. ವಿಶೇಷಣಗಳ ಸಾಲಿನಲ್ಲಿ ಅಲ್ಲಲ್ಲಿ ಒಂದು ನಿಂತ ಗೆರೆ ಕಾಣಿಸುತ್ತದೆ. ಆ ಗೆರೆಯೇ ಈ ಪುಸ್ತಕದ ಜೀವಾಳ ಎಂದು ನನಗೆ ಅರಿವಾಗಲು ಒಂದು ವರ್ಷ ಹಿಡಿಯಿತು. ಒಂದು ಗೆರೆಯಿಂದ ಇನ್ನೊಂದು ಗೆರೆಯವರೆಗೆ ಇರುವ ಪದಗಳು ಒಂದೇ ಮನೆಯವು, ಅಂದರೆ ಅರ್ಥದಲ್ಲಿ ಹತ್ತಿರದವು. ಗೆರೆ ದಾಟಿದರೆ ಬೇರೆ ಮನೆ. ಇದನ್ನು ಗಮನಿಸದೆ ಮೊದಮೊದಲು ನಾನು ಇಡೀ ಸಾಲನ್ನೇ ಸಮಾನಾರ್ಥಕಗಳ ಪಟ್ಟಿಯೆಂದು ಓದಿ, ವೈವಿಧ್ಯಕ್ಕಾಗಿ ಒಂದರ ಬದಲು ಇನ್ನೊಂದನ್ನು ಹಾಕುತ್ತಿದ್ದೆ. ಆಗಿನ ನನ್ನ ಅನುವಾದಗಳನ್ನು ಈಗ ತೆರೆದು ನೋಡುವ ಧೈರ್ಯ ನನಗಿಲ್ಲ.

ಈಗ ಪದಕ್ಕೆ ಬರೋಣ. ‘ಅಡ್ಮಿನಿಸ್ಟ್ರೇಶನ್’ಗೆ ಇಂಗ್ಲಿಷಿನಲ್ಲಿ ಹತ್ತಿಕೊಂಡಿರುವ ವಿಶೇಷಣಗಳನ್ನು ಪುಸ್ತಕದ ಕ್ರಮದಲ್ಲಿ ಒಪ್ಪಿಸದೆ, ಕೆಲಸ ಮಾಡುವಾಗ ಅವು ನನಗೆ ಎದುರಾಗುವ ಕ್ರಮದಲ್ಲೇ ಹೇಳುತ್ತೇನೆ. ಮೊದಲ ಅರ್ಥದಲ್ಲಿ, ಎಂದರೆ ಒಂದು ಕಚೇರಿಯನ್ನೋ ಸಂಸ್ಥೆಯನ್ನೋ ನಡೆಸುವ ಕೆಲಸ ಎಂಬ ಅರ್ಥದಲ್ಲಿ, ಹೊಗಳಿಕೆಗೆ ನಿಂತಿರುವವು ‘ಎಫಿಶಿಯೆಂಟ್’, ‘ಎಫೆಕ್ಟಿವ್’, ‘ಗುಡ್’, ‘ಸೌಂಡ್’. ತೆಗಳಿಕೆಗೆ ‘ಪೂರ್’, ‘ಇನ್ಎಫಿಶಿಯೆಂಟ್’, ‘ಲ್ಯಾಕ್ಸ್’. ನಮ್ಮ ಭಾಷಣಗಳಲ್ಲಿ ಬರುವ ದಕ್ಷ ಆಡಳಿತ ಸರಾಗವಾಗಿ ‘ಎಫಿಶಿಯೆಂಟ್’ ಆಗುತ್ತದೆ. ಆದರೆ ದಕ್ಷ ಎಂಬುದನ್ನು ಅಧಿಕಾರಿಗೆ ಹೇಳಿದಾಗ ಅದರಲ್ಲಿ ಪ್ರಾಮಾಣಿಕತೆಯ ವಾಸನೆಯೂ ಸೇರಿರುತ್ತದೆ, ‘ದಕ್ಷ ಹಾಗೂ ಪ್ರಾಮಾಣಿಕ ಅಧಿಕಾರಿ’ ಎಂಬ ಜೋಡಿಯನ್ನು ಪತ್ರಿಕೆಗಳು ಅಷ್ಟು ಸಲ ಒಟ್ಟಿಗೆ ಅಚ್ಚು ಹಾಕಿವೆ. ಇಂಗ್ಲಿಷಿನ ‘ಎಫಿಶಿಯೆಂಟ್’ನಲ್ಲಿ ಆ ವಾಸನೆ ಇಲ್ಲ. ಕಡಿಮೆ ಸಮಯ, ಕಡಿಮೆ ಖರ್ಚು, ಹೆಚ್ಚು ಕೆಲಸ, ಅಷ್ಟೇ. ಲಂಚಕೋರ ಕಚೇರಿಯೂ ‘ಎಫಿಶಿಯೆಂಟ್’ ಆಗಿರಬಹುದು ಎಂದು ಒಬ್ಬ ನಿವೃತ್ತ ತಹಶೀಲ್ದಾರರು ನನಗೆ ನಗುತ್ತಾ ಹೇಳಿದ್ದುಂಟು.

‘ಸೌಂಡ್ ಅಡ್ಮಿನಿಸ್ಟ್ರೇಶನ್’ ಎಂಬುದಕ್ಕೆ ಸರಿಯಾದ ಕನ್ನಡ ಇವತ್ತಿಗೂ ನನಗೆ ಸಿಕ್ಕಿಲ್ಲ. ಸದೃಢ ಎಂದರೆ ಬಲದ ಅರ್ಥ ಮುಂದೆ ಬರುತ್ತದೆ, ಸುಭದ್ರ ಎಂದರೆ ಸರ್ಕಾರ ಬೀಳುವುದಿಲ್ಲ ಎಂದಾಗುತ್ತದೆ. ಲೆಕ್ಕಪತ್ರ ಸರಿಯಿದೆ, ನಿಯಮ ಪಾಲನೆಯಾಗಿದೆ, ಅಬ್ಬರವಿಲ್ಲದೆ ಕೆಲಸ ನಡೆಯುತ್ತಿದೆ ಎಂಬುದನ್ನೆಲ್ಲ ಆ ಒಂದು ಪದ ಹೇಳುತ್ತದೆ. ಅಚ್ಚುಕಟ್ಟಾದ ಆಡಳಿತ ಎಂದು ಬರೆದು ಮುಂದೆ ಹೋಗುತ್ತೇನೆ, ಪೂರಾ ಸಮಾಧಾನವಂತೂ ಇಲ್ಲ.

ಕೋಶದ ನಿಜವಾದ ಉಪಕಾರ ಗೊತ್ತಾಗುವುದು ತೆಗಳಿಕೆಯ ಕಡೆ. ಹದಗೆಟ್ಟ ಆಡಳಿತ ಎಂಬುದನ್ನು ನಾನು ಮೊದಲ ವರ್ಷಗಳಲ್ಲಿ ‘ಸ್ಪಾಯಿಲ್ಡ್ ಅಡ್ಮಿನಿಸ್ಟ್ರೇಶನ್’ ಎಂದು ಬರೆದು ಕಳಿಸಿದ್ದೆ; ಹಾಲು ಕೆಟ್ಟಂತೆ ಆಡಳಿತ ಕೆಟ್ಟಿತು. ಆಡಳಿತ ಯಂತ್ರ ಜಡ್ಡುಗಟ್ಟಿದೆ ಎಂಬುದಕ್ಕೆ ತುಕ್ಕಿನ ರೂಪಕ ಹುಡುಕಿದ್ದೆ. ಬಿಗಿ ಆಡಳಿತ ‘ಟೈಟ್’ ಆಗಿತ್ತು, ಸಡಿಲ ಆಡಳಿತ ‘ಲೂಸ್’ ಆಗಿತ್ತು. ಈ ಕೊನೆಯದಕ್ಕೆ ಇಂಗ್ಲಿಷಿನವರು ಹೇಳುವುದು ‘ಲ್ಯಾಕ್ಸ್’ ಎಂದು ತಿಳಿದ ದಿನ, ಕಣ್ಣೆದುರೇ ಇದ್ದ ಕನ್ನಡಕವನ್ನು ಮನೆಯೆಲ್ಲ ಹುಡುಕಿದವಳ ಹಾಗಾಯಿತು ನನ್ನ ಸ್ಥಿತಿ. ಸಾಮಾನ್ಯ ನಿಘಂಟಿನಲ್ಲಿ ‘ಲ್ಯಾಕ್ಸ್’ ಎಂಬುದರ ಅರ್ಥ ನನಗೆ ಹತ್ತು ಸಲ ಸಿಕ್ಕಿತ್ತು. ಆದರೆ ಸಡಿಲ ಆಡಳಿತದ ಎದುರು ಕುಳಿತಾಗ ಅದು ನೆನಪಿಗೆ ಬರಲು ಬೇಕಾಗಿದ್ದುದು ಇಂಥ ಪುಸ್ತಕ.

ಇದೇ ಜಾಗದಲ್ಲಿ, ವಿಶೇಷಣಗಳನ್ನು ಮಾತ್ರ ನೆಚ್ಚಿಕೊಂಡರೆ ಆಗುವ ಅಪಾಯವೂ ಇದೆ. ನಮ್ಮ ದುರಾಡಳಿತಕ್ಕೆ ‘ಬ್ಯಾಡ್’ ಅಥವಾ ‘ಪೂರ್’ ಎಂಬ ವಿಶೇಷಣ ಹಚ್ಚಿದರೆ ತಪ್ಪಾಗದು, ಆದರೆ ಕಾನೂನಿನ ಭಾಷೆಯಲ್ಲಿ ಅದಕ್ಕೆ ಒಂಟಿ ಪದವೇ ಇದೆ, ‘ಮಾಲ್‌ಅಡ್ಮಿನಿಸ್ಟ್ರೇಶನ್’. ಬ್ರಿಟನ್ನಿನಲ್ಲಿ ನಾಗರಿಕರ ದೂರುಗಳನ್ನು ಆಲಿಸಲು 1967ರಲ್ಲಿ ಮಾಡಿದ ಕಾಯ್ದೆಯ ಕೇಂದ್ರಪದ ಅದು. ನಮ್ಮ 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯೂ ಅದನ್ನೇ ತೆಗೆದುಕೊಂಡು ವ್ಯಾಖ್ಯಾನಿಸಿದೆ, ಕುಂದುಕೊರತೆ ಎಂಬುದನ್ನು ಆ ಪದದ ಮೇಲೆಯೇ ನಿಲ್ಲಿಸಿದೆ. ಲೋಕಾಯುಕ್ತಕ್ಕೆ ಕೊಡುವ ದೂರಿನ ಅನುವಾದದಲ್ಲಿ ‘ಬ್ಯಾಡ್ ಅಡ್ಮಿನಿಸ್ಟ್ರೇಶನ್’ ಎಂದು ಬರೆದರೆ ಅದು ಹರಟೆಯಾಗುತ್ತದೆ, ದೂರಾಗುವುದಿಲ್ಲ. ಕನ್ನಡವು ದುರ್ ಎಂಬ ಉಪಸರ್ಗ ಹಚ್ಚಿ ಒಂದೇ ಪದದಲ್ಲಿ ಹೇಳಿದ್ದನ್ನು ಇಂಗ್ಲಿಷೂ ಒಂದೇ ಪದದಲ್ಲಿ ಹೇಳುತ್ತದೆಂಬುದು, ವಿಶೇಷಣದ ಸಾಲಿನಲ್ಲೇ ಬೆರಳಿಟ್ಟು ಕುಳಿತವರಿಗೆ ಹೊಳೆಯುವುದಿಲ್ಲ.

ಗುಣ ಹೇಳದೆ ಬಗೆ ಮಾತ್ರ ಹೇಳುವ ವಿಶೇಷಣಗಳು ಇನ್ನೊಂದು ಗುಂಪು: ‘ಪಬ್ಲಿಕ್’, ‘ಲೋಕಲ್’, ‘ಸೆಂಟ್ರಲ್’, ‘ಜನರಲ್’, ‘ಡೇ ಟು ಡೇ’, ‘ಫೈನಾನ್ಶಿಯಲ್’. ಇಲ್ಲಿ ಹೆಚ್ಚು ಎಡವುವ ಹಾಗಿಲ್ಲ. ಸಾರ್ವಜನಿಕ ಆಡಳಿತ ಎಂಬುದು ವಿಶ್ವವಿದ್ಯಾಲಯಗಳಲ್ಲಿ ಓದಿಸುವ ವಿಷಯದ ಹೆಸರಾಗಿ ಗಟ್ಟಿಯಾಗಿ ನಿಂತಿದೆ, ದೈನಂದಿನ ಆಡಳಿತವೂ ಹಾಗೆಯೇ. ಒಂದು ಸಣ್ಣ ಎಚ್ಚರ ಮಾತ್ರ. ಮಹಾರಾಷ್ಟ್ರ, ಆಂಧ್ರಗಳಲ್ಲಿ ‘ಜನರಲ್ ಅಡ್ಮಿನಿಸ್ಟ್ರೇಶನ್’ ಎಂಬ ಹೆಸರಿನ ಇಲಾಖೆಯೇ ಇದೆ. ನಮ್ಮಲ್ಲಿ ಅದೇ ಬಗೆಯ ಕೆಲಸ ನೋಡುವುದು ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ, ಆದೇಶಗಳ ತಲೆಯ ಮೇಲೆ ‘ಸಿಆಸುಇ’ ಎಂದು ಕಾಣುವುದು. ಹಾಗಾಗಿ ಕನ್ನಡ ಕಡತದಲ್ಲಿ ಸಾಮಾನ್ಯ ಆಡಳಿತ ಎಂದು ಬಂದರೆ ಅದು ಬರಿಯ ವಿಶೇಷಣವೋ ನೆರೆರಾಜ್ಯದ ಇಲಾಖೆಯ ಹೆಸರೋ ಎಂದು ನೋಡಿಕೊಂಡು ದೊಡ್ಡಕ್ಷರ ಹಾಕಬೇಕು.

ಎರಡನೆಯ ಅರ್ಥ ಅಧಿಕಾರ ನಡೆಸುವವರ ಗುಂಪು. ಪುಸ್ತಕದ ಎರಡನೆಯ ಆವೃತ್ತಿಯಲ್ಲಿ ಬ್ರಿಟಿಷ್ ಬಳಕೆ ಯಾವುದು, ಅಮೆರಿಕನ್ ಬಳಕೆ ಯಾವುದು ಎಂದು ಗುರುತು ಹಾಕಿರುವುದರ ಬೆಲೆ ಇಂಥ ಅರ್ಥಗಳಲ್ಲಿ ಗೊತ್ತಾಗುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರ ಹೆಸರನ್ನೇ ವಿಶೇಷಣದಂತೆ ಮುಂದಿಟ್ಟು ‘ರೇಗನ್ ಅಡ್ಮಿನಿಸ್ಟ್ರೇಶನ್’, ‘ಒಬಾಮ ಅಡ್ಮಿನಿಸ್ಟ್ರೇಶನ್’ ಎನ್ನುವುದು ವಾಡಿಕೆ. ಲಂಡನ್ನಿನಲ್ಲಿ ಅದೇ ಜಾಗದಲ್ಲಿ ಹೆಚ್ಚಾಗಿ ‘ಗವರ್ನಮೆಂಟ್’ ಎನ್ನುತ್ತಾರೆ. ನಮ್ಮ ಕನ್ನಡ ಪತ್ರಿಕೆಗಳು ಇದನ್ನು ಹಾಗೆಯೇ ಎತ್ತಿಕೊಂಡು ಟ್ರಂಪ್ ಆಡಳಿತ, ಬೈಡನ್ ಆಡಳಿತ ಎಂದು ಬರೆಯುತ್ತವೆ. ಅದೇ ಪತ್ರಿಕೆಯ ಮುಂದಿನ ಪುಟದಲ್ಲಿ ಬೆಂಗಳೂರಿನ ಸುದ್ದಿ ಬಂದಾಗ ಮುಖ್ಯಮಂತ್ರಿಯ ಹೆಸರಿನ ಮುಂದೆ ಬರುವುದು ಸರ್ಕಾರ ಎಂಬ ಪದ. ‘ಟ್ರಂಪ್ ಆಡಳಿತವು ಸುಂಕ ಏರಿಸಿದೆ’ ಎಂಬ ವಾಕ್ಯವನ್ನು ಓದುವ ನಮ್ಮೂರಿನ ಅಡಿಕೆ ವ್ಯಾಪಾರಿಗೆ ಅದರಲ್ಲಿ ತೊಡಕೇನೂ ಕಾಣುವುದಿಲ್ಲ. ಆದರೆ ಆಡಳಿತ ಏರಿಸುವುದಲ್ಲ, ಸರ್ಕಾರ ಏರಿಸುವುದು ಎಂದು ನನ್ನ ಕಿವಿ ಪ್ರತಿ ಸಲ ತಕರಾರು ತೆಗೆಯುತ್ತದೆ. ಅಮೆರಿಕದ ಸುದ್ದಿಗೆ ಮಾತ್ರ ಮೀಸಲಾದ ಒಂದು ಕನ್ನಡ ನಮ್ಮ ಕಣ್ಣೆದುರೇ ಹುಟ್ಟಿದೆ.

ಈ ಅರ್ಥದಲ್ಲಿ ಕಾಲ ಸೂಚಿಸುವ ವಿಶೇಷಣಗಳೇ ಹೆಚ್ಚು: ‘ಕರೆಂಟ್’, ‘ಪ್ರೀವಿಯಸ್’, ‘ಇನ್‌ಕಮಿಂಗ್’, ‘ಔಟ್‌ಗೋಯಿಂಗ್’. ನವೆಂಬರಿನಲ್ಲಿ ಚುನಾವಣೆ ಮುಗಿದು ಜನವರಿ 20ಕ್ಕೆ ಅಧಿಕಾರ ಹಸ್ತಾಂತರವಾಗುವ ದೇಶದಲ್ಲಿ ಎರಡೂವರೆ ತಿಂಗಳ ಕಾಲ ಬರುವವರೂ ಹೋಗುವವರೂ ಒಟ್ಟಿಗೇ ಇರುತ್ತಾರಾದ್ದರಿಂದ ಕೊನೆಯ ಎರಡು ವಿಶೇಷಣಗಳಿಗೆ ಅಲ್ಲಿ ಕೈತುಂಬ ಕೆಲಸ. ನಮ್ಮಲ್ಲಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಪ್ರಮಾಣವಚನ ಆಗಿಬಿಡುವುದರಿಂದ ‘ನಿರ್ಗಮಿತ ಸರ್ಕಾರ’ ಎಂಬುದು ಪತ್ರಿಕೆಯಲ್ಲಿ ಒಂದೆರಡು ದಿನ ಬಾಳಿ ಮರೆಯಾಗುತ್ತದೆ.

‘ಕೇರ್‌ಟೇಕರ್’, ‘ಇಂಟರಿಮ್’, ‘ಟ್ರಾನ್ಸಿಶನಲ್’ ಈ ಮೂರರ ನಡುವಿನ ವ್ಯತ್ಯಾಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮಲ್ಲಿ ಮೂರಕ್ಕೂ ಹಂಗಾಮಿ ಎಂದು ಬರೆದು ಕೈತೊಳೆದುಕೊಳ್ಳುವ ಅಭ್ಯಾಸವಿದೆ. ರಾಜೀನಾಮೆ ಕೊಟ್ಟೂ ಮುಂದಿನವರು ಬರುವ ತನಕ ಬೀಗದ ಕೈ ಕಾಯುತ್ತಿರುವವರದು ಮೊದಲನೆಯದು, ಉಸ್ತುವಾರಿ. ಖಾಲಿ ಬಿದ್ದ ಜಾಗಕ್ಕೆ ಹೊಸದಾಗಿ ಬಂದು ಸ್ಥಿರ ವ್ಯವಸ್ಥೆ ಆಗುವವರೆಗೆ ನಡೆಸುವವರದು ಎರಡನೆಯದು, ಮಧ್ಯಂತರ. ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ದಾಟಿಸುವುದೇ ಕೆಲಸವಾಗಿರುವುದು ಮೂರನೆಯದು. ವಿಶ್ವಸಂಸ್ಥೆ 1999ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ನಾಡುಗಳ ಆಡಳಿತವನ್ನು ಕೈಗೆತ್ತಿಕೊಂಡಾಗ ಕೊಸೊವೊಗೆ ‘ಇಂಟರಿಮ್’ ಎಂದೂ ಪೂರ್ವ ಟಿಮೋರಿಗೆ ‘ಟ್ರಾನ್ಸಿಶನಲ್’ ಎಂದೂ ಹೆಸರಿಟ್ಟಿತು. ಟಿಮೋರ್ 2002ರ ಮೇ ತಿಂಗಳಲ್ಲಿ ಸ್ವತಂತ್ರ ದೇಶವಾಯಿತು, ಎಂದರೆ ದಾಟಿಸುವ ಕೆಲಸ ಮುಗಿಯಿತು. ಕೊಸೊವೊದ ಅಂತಿಮ ಸ್ಥಾನಮಾನವೇನೆಂಬುದನ್ನು ಆಗ ನಿರ್ಧರಿಸಿರಲೇ ಇಲ್ಲ. ಒಂದು ವಿಶೇಷಣದ ಆಯ್ಕೆಯಲ್ಲಿ ಇಷ್ಟು ರಾಜತಾಂತ್ರಿಕತೆ ಅಡಗಿರುವಾಗ, ಎರಡನ್ನೂ ಹಂಗಾಮಿ ಎಂದು ಅನುವಾದಿಸುವವರು ಎಷ್ಟು ಕಳೆದುಕೊಳ್ಳುತ್ತಾರೆಂದು ಯೋಚಿಸಬೇಕು. ಇಂಥ ಪದಗಳನ್ನು ಅಕ್ಕಪಕ್ಕ ಜೋಡಿಸಿ ತೋರಿಸುವುದಷ್ಟೇ ಕೋಶದ ಪಾಲು, ವ್ಯತ್ಯಾಸ ಬಿಡಿಸಿ ಹೇಳುವುದು ಅದರ ಬಾಬತ್ತಲ್ಲ. ಬಳಸುವವರು ಇಲ್ಲಿ ಪಕ್ಕದಲ್ಲಿ ಇನ್ನೊಂದು ಅರ್ಥಕೋಶ ಇಟ್ಟುಕೊಂಡೇ ಕೂರಬೇಕು.

‘ಕಲೋನಿಯಲ್’, ‘ಮಿಲಿಟರಿ’, ‘ಸಿವಿಲ್’ ಇವು ಇತಿಹಾಸದ ಬರಹಕ್ಕೆ ಬೇಕಾದವು. ಮೈಸೂರಿನ ಚರಿತ್ರೆಯನ್ನು ಅನುವಾದಿಸುವವರಿಗೆ ಒಂದು ಮಾತು: 1831ರಿಂದ 1881ರವರೆಗಿನ ಐವತ್ತು ವರ್ಷಗಳನ್ನು ಕನ್ನಡದಲ್ಲಿ ಕಮಿಷನರುಗಳ ಆಡಳಿತ ಎನ್ನುತ್ತೇವೆ. ಅದಕ್ಕೆ ‘ಕಲೋನಿಯಲ್’ ಎಂದು ಹಾಕಿದರೆ ಸುಳ್ಳಾಗುವುದಿಲ್ಲ, ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರ ದುರಾಡಳಿತವೇ ಮಲೆನಾಡಿನ ನಗರ (ಬಿದನೂರು) ಪ್ರಾಂತ್ಯದ ದಂಗೆಗೆ ಕಾರಣವೆಂದು ನೆಪ ಹೇಳಿ ಆಡಳಿತ ವಹಿಸಿಕೊಂಡು, ಕೊನೆಗೆ ಸಂಸ್ಥಾನವನ್ನು ಅರಸರಿಗೆ ಹಿಂದಿರುಗಿಸಿದ ಆ ವಿಚಿತ್ರ ಏರ್ಪಾಟು ಆ ಪದದಲ್ಲಿ ಮಸುಕಾಗುತ್ತದೆ.

ಮೂರನೆಯ ಅರ್ಥದ ವಿಷಯಕ್ಕೆ ಬಂದರೆ ನಗು ತಡೆಯಲಾಗುವುದಿಲ್ಲ. ಪಕ್ಕದ ಮನೆಯ ಅಜ್ಜಿಯೊಬ್ಬರು ಔಷಧದ ಡಬ್ಬಿಯಲ್ಲಿದ್ದ ಚೀಟಿಯನ್ನು ತಂದು, ಕನ್ನಡಕ ಮೇಲೇರಿಸಿ, “ಇದೇನಮ್ಮ ಇದು, ಮಾತ್ರೆಗೂ ಸರ್ಕಾರಕ್ಕೂ ಏನು ಸಂಬಂಧ?” ಎಂದು ಕೇಳಿದರು. ಚೀಟಿಯ ಕನ್ನಡ ಭಾಗದಲ್ಲಿ ‘ಮೌಖಿಕ ಆಡಳಿತಕ್ಕೆ ಮಾತ್ರ’ ಎಂದು ಅಚ್ಚಾಗಿತ್ತು. ‘ಓರಲ್ ಅಡ್ಮಿನಿಸ್ಟ್ರೇಶನ್’ ಎಂಬುದನ್ನು ಯಂತ್ರವೋ ಯಂತ್ರದಂಥ ಮನುಷ್ಯರೋ ಪದಕ್ಕೆ ಪದ ಇಟ್ಟು ಇಳಿಸಿದ್ದರು. ಬಾಯಿಯ ಮೂಲಕ ಸೇವಿಸಲು ಮಾತ್ರ ಎಂದರೆ ಮುಗಿದಿತ್ತು. ‘ಅಡ್ಮಿನಿಸ್ಟ್ರೇಶನ್’ ಎಂದರೆ ಔಷಧ ಕೊಡುವುದು ಎಂಬ ಅರ್ಥವೂ ಇದೆಯೆಂದು, ಆಗ ಅದರ ಜೊತೆಗಿರುವವು ‘ಓರಲ್’, ‘ಇಂಟ್ರಾವೀನಸ್’, ‘ಟಾಪಿಕಲ್’ ಎಂದು ತಿಳಿದವರು ಆ ತಪ್ಪು ಮಾಡುತ್ತಿರಲಿಲ್ಲ. ಪಕ್ಕದ ವಿಶೇಷಣವನ್ನು ನೋಡಿದರೆ ಸಾಕು, ನಾಮಪದದ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗಲೂ ಪದಸಾಂಗತ್ಯದ ತಿಳಿವಳಿಕೆ ಬೇಕಾಗುವುದು ಈ ಕಾರಣಕ್ಕೆ. ಆದರೆ ಭಾಷೆ ಕಲಿಯುವವರಿಗೆಂದು ಮಾಡಿದ ಸಾಮಾನ್ಯ ಕೋಶದಿಂದ ವೈದ್ಯಕೀಯದ ವಿವರವನ್ನೆಲ್ಲ ನಿರೀಕ್ಷಿಸುವುದು ನ್ಯಾಯವಲ್ಲ. ಅದಕ್ಕೆ ವಿಷಯಕೋಶಗಳೇ ಗತಿ.

ವಿಶೇಷಣಗಳ ಸಾಲಿನಲ್ಲೇ ನಿಲ್ಲದೆ ಪ್ರಿಪೊಸಿಷನ್‌ಗಳ ತನಕ ಓದಬೇಕೆಂದು ನಾನು ಕಲಿತದ್ದು ಅವಮಾನದಿಂದ. ಸಣ್ಣ ಪಟ್ಟಣವೊಂದರ ಸಹಕಾರ ಸಂಘದ ಚರಿತ್ರೆಯನ್ನು, ವಿದೇಶದಲ್ಲಿರುವ ಆ ಊರಿನವರಿಗಾಗಿ ಇಂಗ್ಲಿಷಿಗೆ ತರುತ್ತಿದ್ದೆ. ಚುನಾಯಿತ ಮಂಡಳಿಯ ಅವಧಿ ಮುಗಿದು, ಚುನಾವಣೆ ಆಗದೆ, ಸಂಘ ಎರಡು ವರ್ಷ ಆಡಳಿತಾಧಿಕಾರಿಯ ಕೈಯಲ್ಲಿತ್ತು. ನಮ್ಮಲ್ಲಿ ಇದು ತೀರ ಮಾಮೂಲಿ. ಅದನ್ನು ನಾನು ಸಂಘ ‘ಇನ್ ಅಡ್ಮಿನಿಸ್ಟ್ರೇಶನ್’ ಇತ್ತು ಎಂದು ಬರೆದೆ. ಲಂಡನ್ನಿನಲ್ಲಿದ್ದ, ಲೆಕ್ಕಪರಿಶೋಧಕರಾಗಿದ್ದ ಹಿರಿಯರೊಬ್ಬರು ಗಾಬರಿಯಾಗಿ ಪತ್ರ ಬರೆದು, ಸಾಲ ಕೊಟ್ಟವರಿಗೆ ರೂಪಾಯಿಗೆ ಎಷ್ಟು ಪೈಸೆ ಸಿಕ್ಕಿತು ಎಂದು ಕೇಳಿದರು. ಬ್ರಿಟನ್ನಿನ 1986ರ ದಿವಾಳಿ ಕಾಯ್ದೆಯ ಪ್ರಕಾರ ಕಂಪನಿಯೊಂದು ಆ ಸ್ಥಿತಿಗೆ ಹೋಯಿತೆಂದರೆ ಸಾಲ ತೀರಿಸಲಾಗದೆ ತಜ್ಞರ ಕೈಗೆ ಒಪ್ಪಿಸಿದ್ದಾರೆಂದು ಅಲ್ಲಿನ ಪ್ರತಿ ಪತ್ರಿಕೆ ಓದುಗರಿಗೂ ಗೊತ್ತು. ಲಾಭದಲ್ಲಿದ್ದ ಸಂಘವನ್ನು ನಾನು ಎರಡಕ್ಷರದ ಪ್ರಿಪೊಸಿಷನ್‌ನಿಂದ ದಿವಾಳಿ ಎಬ್ಬಿಸಿದ್ದೆ. ಸರ್ಕಾರ ನೇಮಿಸಿದ ‘ಅಡ್ಮಿನಿಸ್ಟ್ರೇಟರ್’ ಅಧೀನದಲ್ಲಿತ್ತು ಎಂದು ತಿದ್ದಿ ಕಳಿಸಿದೆ.

ಪುಸ್ತಕದ ಬಗ್ಗೆ ನನ್ನ ದೊಡ್ಡ ಅತೃಪ್ತಿ ಇರುವುದು ಭಾರತದ ಇಂಗ್ಲಿಷಿನ ವಿಷಯದಲ್ಲಿ. ಬ್ರಿಟಿಷ್, ಅಮೆರಿಕನ್ ಎಂಬ ಎರಡು ಗುರುತುಗಳಷ್ಟೇ ಮುಖ್ಯವಾಗಿರುವ ಕೋಶದಲ್ಲಿ ನಮ್ಮ ಕಚೇರಿಗಳ ಇಂಗ್ಲಿಷಿಗೆ ಜಾಗವಿಲ್ಲ. ನಮ್ಮಲ್ಲಿ ‘ಡಿಸ್ಟ್ರಿಕ್ಟ್ ಅಡ್ಮಿನಿಸ್ಟ್ರೇಶನ್’ ಎಂಬುದು ಬರಿಯ ಪದಜೋಡಿಯಲ್ಲ, ಜಿಲ್ಲಾಧಿಕಾರಿಯ ಕಚೇರಿಯಿಂದ ಗ್ರಾಮ ಆಡಳಿತಾಧಿಕಾರಿಯವರೆಗೆ ಹರಡಿದ ಒಂದು ಜೀವಂತ ವಸ್ತು. ಮಳೆ ಬಂದರೆ ಶಾಲೆಗೆ ರಜೆ ಕೊಡುವುದೂ ಅದೇ, ಬರ ಬಂದರೆ ಟ್ಯಾಂಕರ್ ಕಳಿಸುವುದೂ ಅದೇ. ಕನ್ನಡವಂತೂ ಎರಡು ಪದಗಳ ನಡುವಿನ ಜಾಗವನ್ನೂ ಅಳಿಸಿ ಜಿಲ್ಲಾಡಳಿತ ಎಂದು ಒಂದೇ ಮಾಡಿಕೊಂಡಿದೆ. ಸ್ವಚ್ಛ ಆಡಳಿತಕ್ಕೆ ‘ಕ್ಲೀನ್’, ಜನಪರ ಆಡಳಿತಕ್ಕೆ ‘ಪ್ರೊ-ಪೀಪಲ್’ ಎಂದು ನಮ್ಮ ಇಂಗ್ಲಿಷ್ ಪತ್ರಿಕೆಗಳು ದಿನವೂ ಬರೆಯುತ್ತವೆ. ಅವು ತಪ್ಪೇ ಸರಿಯೇ ಎಂದು ಕೇಳಲು ಹೋದರೆ ಈ ಪುಸ್ತಕ ಮೌನವಾಗುತ್ತದೆ.

ಈ ಮೌನ ಕನ್ನಡಿಗರಿಗೆ ಒಂದಿಷ್ಟು ಹೆಚ್ಚೇ ಚುಚ್ಚಬೇಕು. ಭಾರತದ ಮೊದಲ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಆರಂಭವಾಗಿ, ಮರುವರ್ಷ ಅವರು ಉಪಪ್ರಧಾನಿಯಾದಾಗ ಕೆಂಗಲ್ ಹನುಮಂತಯ್ಯನವರ ಕೈಗೆ ಬಂತು. ವಿಧಾನಸೌಧ ಕಟ್ಟಿಸಿ, ಸರ್ಕಾರದ ಕೆಲಸ ದೇವರ ಕೆಲಸ ಎಂದು ಅದರ ಹಣೆಯ ಮೇಲೆ ಬರೆಸಿದವರು ಅವರೇ. ಎರಡನೆಯ ಆಯೋಗ 2005ರಲ್ಲಿ ರಚನೆಯಾದಾಗ ಅದರ ಅಧ್ಯಕ್ಷತೆ ವಹಿಸಿದವರು ವೀರಪ್ಪ ಮೊಯಿಲಿ. ಆ ಆಯೋಗದ 12ನೆಯ ವರದಿಯ ಶೀರ್ಷಿಕೆಯಲ್ಲೇ ‘ಸಿಟಿಜನ್ ಸೆಂಟ್ರಿಕ್ ಅಡ್ಮಿನಿಸ್ಟ್ರೇಶನ್’ ಎಂಬ ಪದಜೋಡಿ ಇದೆ. ನಾಗರಿಕ ಕೇಂದ್ರಿತ ಆಡಳಿತ ಎಂದು ನಾವು ಕನ್ನಡಕ್ಕೆ ತಂದುಕೊಂಡಿರುವುದು ಅದನ್ನೇ. ಭಾರತದ ಕಚೇರಿ ಇಂಗ್ಲಿಷ್ ತಾನೇ ಬೆಳೆಸಿಕೊಂಡ ಇಂಥ ವಿಶೇಷಣಗಳಿಗೆ ಒಂದು ಪ್ರತ್ಯೇಕ ಕೋಶ ಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ‘ಅಡ್ಮಿನಿಸ್ಟ್ರೇಟಿವ್ ಗ್ರೌಂಡ್ಸ್’ ಎಂಬುದನ್ನೇ ನೋಡಿ: ಆಡಳಿತಾತ್ಮಕ ಕಾರಣಗಳಿಂದ ವರ್ಗಾವಣೆ ಎಂದು ಆದೇಶ ಬಂದರೆ, ಕಾರಣ ಏನಿದ್ದರೂ ಆಡಳಿತದ್ದಂತೂ ಅಲ್ಲವೆಂದು ನಮ್ಮ ಕಚೇರಿಯ ಜವಾನನಿಗೂ ಗೊತ್ತು. ಈ ಅರ್ಥವನ್ನು ಯಾವ ಬ್ರಿಟಿಷ್ ಕೋಶ ಕೊಟ್ಟೀತು?

ಈ ಕೊರತೆಯನ್ನು ತುಂಬಿಕೊಳ್ಳಲು ನಾನು ಬಳಸುವುದು ಅಂತರ್ಜಾಲದ ಮೂರು ಸಾಧನಗಳನ್ನು. ‘ಸ್ಕೆಲ್’ ಎಂಬುದು ಉಚಿತ. ಪದ ಬರೆದರೆ ನಲವತ್ತು ಉದಾಹರಣೆ ವಾಕ್ಯಗಳನ್ನೂ, ಬೇರೊಂದು ಗುಂಡಿ ಒತ್ತಿದರೆ ಜೊತೆಪದಗಳ ಪಟ್ಟಿಯನ್ನೂ ಕೊಡುತ್ತದೆ. ಆದರೆ ಅದು ಯಂತ್ರ ಹೆಕ್ಕಿದ ಪಟ್ಟಿ, ಅರ್ಥಗಳನ್ನು ಬೇರ್ಪಡಿಸಿರುವುದಿಲ್ಲ. ರೇಗನ್ ಪಕ್ಕದಲ್ಲೇ ‘ಓರಲ್’ ಬಂದು ಕುಳಿತರೂ ಆಶ್ಚರ್ಯವಿಲ್ಲ. ‘ಕೋಕಾ’ ಎಂಬ ಅಮೆರಿಕನ್ ಇಂಗ್ಲಿಷಿನ ಸಂಗ್ರಹದಲ್ಲಿ 1990ರಿಂದ 2019ರವರೆಗಿನ ನೂರು ಕೋಟಿ ಪದಗಳಿವೆ, ಯಾವ ಜೋಡಿ ಯಾವ ಅವಧಿಯಲ್ಲಿ ಎಷ್ಟು ಬಳಕೆಯಾಗಿದೆ ಎಂದು ನೋಡಬಹುದು. ನಮಗೆ ನಿಜಕ್ಕೂ ಉಪಯುಕ್ತವಾದದ್ದು ಅದೇ ತಾಣದಲ್ಲಿರುವ ‘ಗ್ಲೋಬ್’ ಎಂಬ ಇನ್ನೊಂದು ಸಂಗ್ರಹ. ಅದರಲ್ಲಿ ಭಾರತವೂ ಸೇರಿ 20 ದೇಶಗಳ ಜಾಲತಾಣಗಳಿಂದ ತೆಗೆದ 190 ಕೋಟಿ ಪದಗಳಿದ್ದು, ಒಂದು ಪದಜೋಡಿ ಯಾವ ದೇಶದಲ್ಲಿ ಎಷ್ಟು ಸಲ ಬಂದಿದೆ ಎಂಬುದು ಕಂಬಸಾಲಿನಲ್ಲಿ ಕಾಣುತ್ತದೆ. ‘ಕ್ಲೀನ್ ಅಡ್ಮಿನಿಸ್ಟ್ರೇಶನ್’ ಎಂದು ಬರೆಯಲೋ ಬೇಡವೋ ಎಂಬ ಅನುಮಾನ ಬಂದಾಗ ಕೇಳಬೇಕಾದ ಜಾಗ ಅದು. ಓದುಗರು ದೆಹಲಿಯವರಾದರೆ ನಮ್ಮ ಕಂಬ ನೋಡುತ್ತೇನೆ, ಜಿನೀವಾದವರಾದರೆ ಉಳಿದವರದ್ದು. ಹೆಸರು ನೋಂದಾಯಿಸಿಕೊಳ್ಳಬೇಕು, ಪುಕ್ಕಟೆ ಬಳಸುವವರಿಗೆ ದಿನಕ್ಕೆ ಇಂತಿಷ್ಟೇ ಹುಡುಕಾಟ ಎಂಬ ಮಿತಿಯಿದೆ, ಮೊದಲ ಸಲ ತೆರೆದವರಿಗೆ ಪರದೆ ನೋಡಿ ತಲೆ ಸುತ್ತುತ್ತದೆ.

ಹಾಗಿದ್ದರೂ ಬರೆಯಲು ಕುಳಿತಾಗ ಮೊದಲು ಕೈ ಹೋಗುವುದು ಪುಸ್ತಕದ ಕಡೆಗೇ. ಪರದೆಯ ಮೇಲೆ ಕೇಳಿದ್ದಕ್ಕೆ ಮಾತ್ರ ಉತ್ತರ ಸಿಗುತ್ತದೆ. ಪುಟದ ಮೇಲೆ ಕೇಳದಿದ್ದುದೂ ಕಣ್ಣಿಗೆ ಬೀಳುತ್ತದೆ. ‘ಲ್ಯಾಕ್ಸ್’ ನನಗೆ ಸಿಕ್ಕಿದ್ದು ಹಾಗೆ. ಅನುವಾದಕರು, ಇಂಗ್ಲಿಷ್ ಪತ್ರಿಕೆಗಳ ಮೇಜಿನಲ್ಲಿರುವ ಕನ್ನಡದ ಹುಡುಗ ಹುಡುಗಿಯರು, ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾದ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಕೊಳ್ಳಬಹುದಾದ ಪುಸ್ತಕ ಇದು. ಇಂಗ್ಲಿಷ್ ವಾಕ್ಯ ಕಟ್ಟಲು ಈಗಷ್ಟೇ ಕಲಿಯುತ್ತಿರುವವರಿಗೆ ಬೇಡ. ಅರ್ಥ ತಿಳಿಯದ ವಿಶೇಷಣವನ್ನು ಸಾಲಿನಿಂದ ಹೆಕ್ಕಿ ಹಾಕಿಕೊಂಡರೆ ಇಲ್ಲದ ತಪ್ಪುಗಳನ್ನು ಹೊಸದಾಗಿ ಕಲಿತಂತಾಗುತ್ತದೆ.

ನಾನು ಕೊಂಡದ್ದು ಅವೆನ್ಯೂ ರಸ್ತೆಯ ಹಳೆಪುಸ್ತಕದವರೊಬ್ಬರಲ್ಲಿ. ಎರಡನೆಯ ಆವೃತ್ತಿಯ ಜೊತೆ ಒಂದು ಸಿ.ಡಿ. ಬರುತ್ತಿತ್ತು, ಮನೆಗೆ ಬಂದು ಹಿಂಬದಿಯ ಲಕೋಟೆ ಬಿಚ್ಚಿದರೆ ಅದರಲ್ಲಿ ಯಾರದೋ ಬಸ್ ಟಿಕೆಟ್ ಇತ್ತು. ಸಿ.ಡಿ. ಹಾಕುವ ಯಂತ್ರವೇ ಈಗ ಮನೆಯಲ್ಲಿಲ್ಲದ ಕಾರಣ ಅದೇನೂ ದೊಡ್ಡ ನಷ್ಟವಲ್ಲ. ಹಳೆಯ ಪ್ರತಿ ಕೊಳ್ಳುವವರು ನೋಡಬೇಕಾದದ್ದು ಬೇರೆ: ಶೀರ್ಷಿಕೆ ಪುಟದ ಹಿಂಬದಿ ತಿರುವಿ ಇಸವಿ ಓದಿಕೊಳ್ಳಿ. 2002ರದ್ದಾದರೆ ಅದರಲ್ಲಿರುವುದು ಒಂದೂವರೆ ಲಕ್ಷ ಪದಜೋಡಿಗಳು, 2009ರದ್ದಾದರೆ ಎರಡೂವರೆ ಲಕ್ಷ. ಎರಡೂ ಒಂದೇ ಬೆಲೆಗೆ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ.